ನಿಸ್ತಂತು ಹೆಡ್‌ಫೋನಿನ ಆಯ್ಕೆ

ಬಹಳ ತಿಳಿದವನನ್ನು ನಮ್ಮ ಭಾಷೆಯಲ್ಲಿ 'ಬಹುಶ್ರುತ' ಎಂದು ಕರೆಯುವ ರೂಢಿಯುಂಟು. ಪದವನ್ನು ಬಿಡಿಸಿ ನೋಡಿದರೆ 'ಬಹಳ ಕೇಳಿದವನು' ಎಂಬ ಅರ್ಥ ಬರುತ್ತದೆ. ಅಚ್ಚಿನ ಪುಸ್ತಕಗಳು ಹರಡುವ ಮೊದಲು ವಿದ್ಯೆಯೆಂಬುದು ಹೆಚ್ಚಾಗಿ ಕಿವಿಯ ಬಾಗಿಲಿನಿಂದಲೇ ಒಳಗೆ ಬರುತ್ತಿತ್ತು. ಪುಸ್ತಕ ಬಂದು ಕಣ್ಣಿಗೆ ಹೆಚ್ಚಿನ ಕೆಲಸ ಕೊಟ್ಟಿತು. ಈಗ ಲ್ಯಾಪ್‌ಟಾಪ್ ಬಂದು ಕಿವಿಗೆ ಅದರ ಹಳೆಯ ಅಧಿಕಾರವನ್ನು ಮರಳಿ ಕೊಟ್ಟಿದೆ ಎನ್ನಬಹುದು. ೨೦೧೭ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಸ್ವಯಂ' ವ್ಯವಸ್ಥೆಯಲ್ಲಿ ದೇಶದ ಹೆಸರಾಂತ ವಿದ್ಯಾಸಂಸ್ಥೆಗಳ ಅಧ್ಯಾಪಕರ ಉಪನ್ಯಾಸಗಳನ್ನು ಯಾರು ಬೇಕಾದರೂ ಕೇಳಬಹುದು. ೨೦೨೦ರಲ್ಲಿ ಕೊರೊನಾ ರೋಗದ ದೆಸೆಯಿಂದ ಕಾಲೇಜುಗಳು ಮುಚ್ಚಿದಾಗ ತರಗತಿಗಳೇ ಯಂತ್ರದೊಳಕ್ಕೆ ಹೋದವು. ಕಾಲೇಜು ತೆರೆದ ಮೇಲೂ ಆ ಅಭ್ಯಾಸ ಪೂರ್ತಿಯಾಗಿ ಹೋಗಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪಾಠ, ಇಂಗ್ಲಿಷ್ ಸಂಭಾಷಣೆಯ ಅಭ್ಯಾಸ, ಎಷ್ಟೋ ವೇಳೆ ಉದ್ಯೋಗದ ಸಂದರ್ಶನ ಕೂಡ ಇಂದು ಲ್ಯಾಪ್‌ಟಾಪಿನ ಮುಂದೆ ನಡೆಯುತ್ತವೆ.

ಆದರೆ ಕೇಳುವುದಕ್ಕೆ ಮೌನ ಬೇಕು. ನಮ್ಮ ಊರುಗಳಲ್ಲಿ ಅದೇ ದುರ್ಲಭ. ರಾಮನಗರವು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಇಲ್ಲಿ ಎಷ್ಟೋ ಬೀದಿಗಳಲ್ಲಿ ಮನೆಗೆ ಅಂಟಿಕೊಂಡೇ ನೂಲು ಬಿಚ್ಚಾಣಿಕೆಯ ಯಂತ್ರಗಳು ತಿರುಗುತ್ತಿರುತ್ತವೆ. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆಗಳನ್ನು ಕಡೆಯುವ ಲೇತಿನ ಸದ್ದು. ಮಾಗಡಿ, ಕನಕಪುರಗಳಿಗೆ ರೈಲಿಲ್ಲ. ಅಲ್ಲಿಂದ ಓಡಾಡುವವರಿಗೆ ಬಸ್ಸಿನ ಇಂಜಿನ್ನೇ ಸಂಗಾತಿ. ಇನ್ನು ಹಳ್ಳಿಯ ಮನೆಯೆಂದರೆ ಅಲ್ಲಿ ಟಿ.ವಿ., ತಮ್ಮ ತಂಗಿಯರು, ಬಂದುಹೋಗುವ ನೆಂಟರು, ಎಲ್ಲ ಒಂದೇ ಅಂಕಣದಲ್ಲಿ. ಪ್ರತ್ಯೇಕ ಓದುವ ಕೋಣೆ ಇರುವ ಸಹಪಾಠಿಗಳು ನಮ್ಮ ತರಗತಿಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಇಂಥ ಕಡೆ ಹೆಡ್‌ಫೋನ್ ಎಂಬುದು ಶೋಕಿಯ ವಸ್ತುವಲ್ಲ. ಗೋಡೆಯಿಲ್ಲದ ಮನೆಯಲ್ಲಿ ಅದೊಂದು ಗೋಡೆ.

ಆ ಗೋಡೆಗೂ ಬೆಲೆಯುಂಟು. ಇಂದು ಪೇಟೆಯಲ್ಲಿ ಸಾಧಾರಣ ನಿಸ್ತಂತು ಹೆಡ್‌ಫೋನಿಗೆ ಸಾವಿರದಿಂದ ಎರಡು ಸಾವಿರ ರೂಪಾಯಿ. ಕೂಲಿಯಿಂದ ನಡೆಯುವ ಮನೆಗೆ ಅದು ಎರಡು ಮೂರು ದಿನದ ದುಡಿಮೆ. ನಮ್ಮಲ್ಲಿ ಹೆಚ್ಚಿನವರು ಮನೆಗೆ ಮೊದಲ ಪದವೀಧರರಾಗುವವರು. ಎತ್ತು ಕೊಳ್ಳುವುದಾದರೆ ಹಲ್ಲು ನೋಡಿ ಹೇಳಲು ಮನೆಯಲ್ಲಿ ಹಿರಿಯರಿದ್ದಾರೆ; ಈ ವಸ್ತುವಿನ ಹಲ್ಲು ನೋಡಬಲ್ಲವರು ಯಾರೂ ಇಲ್ಲ. ಅಂಗಡಿಯವರ ಮಾತೂ ಪೆಟ್ಟಿಗೆಯ ಮೇಲಿನ ಅಚ್ಚೂ ನಮಗೆ ಗತಿ. ಆದುದರಿಂದ ಈ ವಸ್ತುವಿನ ತತ್ತ್ವವನ್ನೂ, ಅದು ಲ್ಯಾಪ್‌ಟಾಪಿನೊಡನೆ ನಡೆದುಕೊಳ್ಳುವ ರೀತಿಯನ್ನೂ, ಕೊಳ್ಳುವಾಗ ನೋಡತಕ್ಕ ಅಂಶಗಳನ್ನೂ ನಾನು ಓದಿ, ಪರೀಕ್ಷಿಸಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಹೆಡ್‌ಫೋನ್ ನಾವು ಭಾವಿಸುವಷ್ಟು ಹೊಸ ವಸ್ತುವಲ್ಲ. ಅಮೆರಿಕದ ನಥೇನಿಯಲ್ ಬಾಲ್ಡ್‌ವಿನ್ ಎಂಬಾತ ತಯಾರಿಸಿದ ಹೆಡ್‌ಫೋನುಗಳನ್ನು ೧೯೧೦ರ ಸುಮಾರಿನಲ್ಲಿ ಅಲ್ಲಿಯ ನೌಕಾಪಡೆ ಕೊಂಡುಕೊಂಡಿತು. ರೇಡಿಯೊದ ಮೊದಲ ದಿನಗಳಲ್ಲಿ ಸಣ್ಣ ಹರಳಿನ ರೇಡಿಯೊಗಳನ್ನು ಕೇಳುತ್ತಿದ್ದುದು ಹೆಡ್‌ಫೋನಿನಿಂದಲೇ. ನಮ್ಮ ನಾಡಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ಎರಡು ಕಿವಿಗೆ ಎರಡು ಬೇರೆ ಧ್ವನಿಗಳನ್ನು ಕೊಟ್ಟು ದಿಕ್ಕಿನ ಅನುಭವ ತರುವ ಸ್ಟೀರಿಯೊ ಪದ್ಧತಿಗೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ೧೯೩೧ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ೧೯೫೮ರಲ್ಲಿ ಅಮೆರಿಕದ ಜಾನ್ ಕಾಸ್ ಸಂಗೀತ ಕೇಳುವ ಸ್ಟೀರಿಯೊ ಹೆಡ್‌ಫೋನನ್ನು ಪೇಟೆಗೆ ತಂದನು.

ಒಳಗಿನ ಯಂತ್ರ ಸರಳವಾದದ್ದು. ಒಂದು ಅಯಸ್ಕಾಂತ, ಅದರ ನಡುವೆ ತೆಳುವಾದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಒಂದು ಪೊರೆ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಪೊರೆ ನಡುಗುತ್ತದೆ. ಆ ನಡುಕವೇ ನಮಗೆ ಕೇಳುವ ಧ್ವನಿ. ಈ ಭಾಗಕ್ಕೆ ಡ್ರೈವರ್ ಎಂದು ಹೆಸರು. ಕಿವಿಯನ್ನು ಮುಚ್ಚುವ ದೊಡ್ಡ ಹೆಡ್‌ಫೋನುಗಳಲ್ಲಿ ಅದರ ಅಗಲ ಸಾಮಾನ್ಯವಾಗಿ ೪೦ ಮಿಲಿಮೀಟರು, ಕಿವಿಯೊಳಗೆ ಕೂರುವ ಚಿಕ್ಕವುಗಳಲ್ಲಿ ೧೦ ಮಿಲಿಮೀಟರಿನ ಆಸುಪಾಸು. ತಂತಿಯ ಹೆಡ್‌ಫೋನಿನಲ್ಲಿ ಇಷ್ಟೇ ಇರುವುದು. ನಿಸ್ತಂತುವಿನಲ್ಲಾದರೋ ಇದರ ಜೊತೆಗೆ ಬ್ಯಾಟರಿ, ರೇಡಿಯೊ, ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸುವ ಭಾಗ, ಇವೆಲ್ಲ ಕಿವಿಯ ಮೇಲೆಯೇ ಕೂರಬೇಕು. ಅದೇ ಬೆಲೆಗೆ ತಂತಿಯದು ಹೆಚ್ಚು ಚೆನ್ನಾಗಿ ಕೇಳಿಸಲು ಇದೇ ಕಾರಣ. ನಾವು ಕೊಡುವ ಹಣದಲ್ಲಿ ಒಂದು ಪಾಲು ಧ್ವನಿಗಲ್ಲ, ತಂತಿಯಿಲ್ಲದ ಅನುಕೂಲಕ್ಕೆ ಹೋಗುತ್ತದೆ.

ಈ ಅನುಕೂಲವನ್ನು ಒದಗಿಸುವ ವ್ಯವಸ್ಥೆಯ ಹೆಸರು ಬ್ಲೂಟೂತ್. ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯಲ್ಲಿ ೧೯೯೪ರಲ್ಲಿ ಇದರ ಕೆಲಸ ಮೊದಲಾಯಿತು. ೧೯೯೮ರಲ್ಲಿ ಎರಿಕ್‌ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಎಂಬ ಐದು ಸಂಸ್ಥೆಗಳು ಸೇರಿ ಎಲ್ಲರಿಗೂ ಒಂದೇ ನಿಯಮವಿರಲೆಂದು ಒಂದು ಕೂಟವನ್ನು ಕಟ್ಟಿಕೊಂಡವು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡನಿಗೆ 'ನೀಲಿಹಲ್ಲಿನವನು' ಎಂಬ ಅಡ್ಡಹೆಸರಿತ್ತು. ಒಡೆದಿದ್ದ ಜನರನ್ನು ಒಂದುಗೂಡಿಸಿದವನೆಂದು ಪ್ರಸಿದ್ಧನಾದ ಅವನ ಹೆಸರನ್ನೇ ಬೇರೆ ಬೇರೆ ಯಂತ್ರಗಳನ್ನು ಕೂಡಿಸುವ ಈ ವ್ಯವಸ್ಥೆಗೆ ಇಟ್ಟರು. ಇದು ಬಳಸುವ ರೇಡಿಯೊ ಅಲೆಗಳು ೨.೪ ಗಿಗಾಹರ್ಟ್ಸ್ ಪಟ್ಟಿಯವು. ಆ ಪಟ್ಟಿಯನ್ನು ೭೯ ದಾರಿಗಳಾಗಿ ಹಂಚಿ, ಒಂದು ಸೆಕೆಂಡಿಗೆ ೧,೬೦೦ ಬಾರಿ ದಾರಿಯಿಂದ ದಾರಿಗೆ ಹಾರುತ್ತ ಸಂದೇಶ ಸಾಗುತ್ತದೆ. ಒಂದು ದಾರಿಯಲ್ಲಿ ಅಡಚಣೆಯಿದ್ದರೂ ಮತ್ತೊಂದರಲ್ಲಿ ಮಾತು ದಾಟಿಹೋಗಲೆಂಬುದು ಇದರ ಉಪಾಯ.

ಆದರೂ ಈ ದಾರಿ ಕಿರಿದು. ಸ್ಟೀರಿಯೊ ಧ್ವನಿಯನ್ನು ಇದ್ದದ್ದಿದ್ದಂತೆ ಸಿ.ಡಿ.ಯ ಮಟ್ಟದಲ್ಲಿ ಕಳುಹಿಸಲು ಸೆಕೆಂಡಿಗೆ ಸುಮಾರು ೧೪ ಲಕ್ಷ ಬಿಟ್ಟುಗಳು ಬೇಕು. ಅಷ್ಟನ್ನು ಸಾಗಿಸುವುದು ಕಷ್ಟವಾದ್ದರಿಂದ ಧ್ವನಿಯನ್ನು ಅದುಮಿ ಮೂಟೆಕಟ್ಟಿ ಕಳುಹಿಸುತ್ತಾರೆ. ಮೂಟೆ ಕಟ್ಟುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು. ಎಸ್‌ಬಿಸಿ ಎಂಬುದು ಎಲ್ಲ ಸ್ಟೀರಿಯೊ ಬ್ಲೂಟೂತ್ ಹೆಡ್‌ಫೋನುಗಳಲ್ಲೂ ಇರಲೇಬೇಕಾದ ಕ್ರಮ. ಅದು ಒಳ್ಳೆಯ ಸ್ಥಿತಿಯಲ್ಲಿ ೧೪ ಲಕ್ಷವನ್ನು ಸುಮಾರು ೩ ಲಕ್ಷಕ್ಕೆ ಇಳಿಸುತ್ತದೆ. ಎಎಸಿ, ಎಪ್ಟಿಎಕ್ಸ್, ಎಲ್‌ಡಿಎಸಿ ಎಂಬ ಬೇರೆ ಕ್ರಮಗಳೂ ಇವೆ. ಇಲ್ಲಿ ಗಮನಿಸಬೇಕಾದ ಮಾತೊಂದುಂಟು: ಮೂಟೆ ಕಟ್ಟುವವನಿಗೂ ಬಿಚ್ಚುವವನಿಗೂ ಒಂದೇ ಕ್ರಮ ಗೊತ್ತಿರಬೇಕು. ಹೆಡ್‌ಫೋನಿನಲ್ಲಿ ಎಲ್‌ಡಿಎಸಿ ಇದ್ದು ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ಇಬ್ಬರೂ ಎಸ್‌ಬಿಸಿಗೇ ಇಳಿಯುತ್ತಾರೆ. ಹೆಚ್ಚು ಕೊಟ್ಟ ಹಣ ವ್ಯರ್ಥ. ಬ್ಲೂಟೂತಿನ ಆವೃತ್ತಿಯ ಅಂಕಿಯೂ ಹಾಗೆಯೇ. ಪೆಟ್ಟಿಗೆಯ ಮೇಲೆ ೫.೩ ಎಂದು ದೊಡ್ಡದಾಗಿ ಬರೆದಿದ್ದರೂ ಲ್ಯಾಪ್‌ಟಾಪಿನದು ೪.೨ ಆದರೆ ಇಬ್ಬರಿಗೂ ಬರುವ ಭಾಷೆಯಲ್ಲೇ ಸಂಭಾಷಣೆ. ನಮ್ಮಲ್ಲಿ ಹಲವರ ಕೈಯಲ್ಲಿರುವುದು ಅಣ್ಣನಿಂದ ತಮ್ಮನಿಗೆ ಬಂದ ಇಲ್ಲವೆ ಎರಡನೆಯ ಕೈಯ ಲ್ಯಾಪ್‌ಟಾಪ್ ಆದುದರಿಂದ ಈ ಮಾತನ್ನು ಒತ್ತಿ ಹೇಳಿದ್ದೇನೆ. ಹೆಡ್‌ಫೋನನ್ನು ಆರಿಸುವ ಮೊದಲು ನಮ್ಮ ಲ್ಯಾಪ್‌ಟಾಪ್ ಏನು ಬಲ್ಲದೆಂದು ತಿಳಿಯಬೇಕು. ಹೆಡ್‌ಫೋನಿನ ಅರ್ಧ ಗುಣ ಲ್ಯಾಪ್‌ಟಾಪಿನಲ್ಲಿಯೇ ಇದೆ.

ಇನ್ನು ಈ ವಿಷಯದ ಮುಖ್ಯ ಗುಟ್ಟಿಗೆ ಬರೋಣ. ಬ್ಲೂಟೂತ್ ಹೆಡ್‌ಫೋನಿಗೆ ಎರಡು ವೇಷಗಳುಂಟು. ಬರಿಯ ಕೇಳುವಿಕೆ ನಡೆಯುವಾಗ ಅದರದು ಸ್ಟೀರಿಯೊ ವೇಷ. ಏಕಮುಖ ಸಂಚಾರದ ರಸ್ತೆಯಂತೆ ದಾರಿಯ ಅಗಲವೆಲ್ಲ ಬರುವ ಧ್ವನಿಗೇ ಮೀಸಲು. ನಾವು ಅದರ ಮೈಕಿನಲ್ಲಿ ಮಾತನಾಡತೊಡಗಿದ ಕೂಡಲೇ ಅದೇ ರಸ್ತೆ ದ್ವಿಮುಖವಾಗಬೇಕಾಗುತ್ತದೆ. ಆಗ ಹೆಡ್‌ಫೋನ್ ಟೆಲಿಫೋನಿನ ವೇಷಕ್ಕೆ ಹೊರಳುತ್ತದೆ. ಸ್ಟೀರಿಯೊ ಹೋಗಿ ಎರಡು ಕಿವಿಗೂ ಒಂದೇ ಧ್ವನಿ. ಅದೂ ಹಳೆಯ ಕ್ರಮದಲ್ಲಿ ೪,೦೦೦ ಹರ್ಟ್ಸ್, ಸ್ವಲ್ಪ ಹೊಸದರಲ್ಲಿ ೮,೦೦೦ ಹರ್ಟ್ಸಿನ ಒಳಗೆ ಕತ್ತರಿಸಿದ ಧ್ವನಿ. ಎಳೆಯರ ಕಿವಿ ೨೦ರಿಂದ ೨೦,೦೦೦ ಹರ್ಟ್ಸಿನವರೆಗೆ ಕೇಳಬಲ್ಲದೆಂಬುದನ್ನು ನೆನೆದರೆ ನಷ್ಟವೆಷ್ಟೆಂದು ತಿಳಿಯುತ್ತದೆ. 'ಸ', 'ಫ' ಮೊದಲಾದ ಊದುವ ಅಕ್ಷರಗಳ ಕಸುವು ಬಹುಮಟ್ಟಿಗೆ ೪,೦೦೦ ಹರ್ಟ್ಸಿನ ಮೇಲೆ ಇರುವುದರಿಂದ ಟೆಲಿಫೋನಿನಲ್ಲಿ ಅವು ಒಂದರಂತೆ ಒಂದು ಕೇಳಿಸುತ್ತವೆ. ಮಾತೃಭಾಷೆಯಲ್ಲಾದರೆ ಸಂದರ್ಭ ಹಿಡಿದು ಊಹಿಸಿಕೊಳ್ಳುತ್ತೇವೆ. ಇಂಗ್ಲಿಷ್ ಉಪನ್ಯಾಸದಲ್ಲಿ, ಅದೂ ಮೊದಲ ಬಾರಿ ಕೇಳುವ ಪಾರಿಭಾಷಿಕ ಪದದಲ್ಲಿ, ಊಹೆ ನಡೆಯದು. ಆಗ ತಿಳಿಯದೆ ಹೋದದ್ದು ತನ್ನ ಬುದ್ಧಿಯ ಕೊರತೆಯೆಂದು ವಿದ್ಯಾರ್ಥಿ ಕುಗ್ಗುತ್ತಾನೆ. ಎಷ್ಟೋ ವೇಳೆ ಕೊರತೆ ಬುದ್ಧಿಯದಲ್ಲ, ಕಿವಿಗೆ ಬಂದ ಧ್ವನಿಯದು.

ಇದನ್ನು ಕಣ್ಣಾರೆ, ಅಲ್ಲ ಕಿವಿಯಾರೆ, ನೋಡಬೇಕೆಂದು ನಾನು ಮೂವರು ಸ್ನೇಹಿತರಿಂದ ಮೂರು ಬಗೆಯ ಹೆಡ್‌ಫೋನುಗಳನ್ನು ಪಡೆದು, ತರಗತಿ ಮುಗಿದ ಮೇಲೆ ಖಾಲಿ ಕೊಠಡಿಯಲ್ಲಿ ಒಂದೇ ಲ್ಯಾಪ್‌ಟಾಪಿಗೆ ಜೋಡಿಸಿ ಪರೀಕ್ಷಿಸಿದೆ. ಒಂದರ ಬೆಲೆ ಎಂಟುನೂರು, ಮತ್ತೊಂದರದು ಸಾವಿರದ ನಾನೂರು, ಮೂರನೆಯದರದು ಮೂರು ಸಾವಿರ. ಅರ್ಥಶಾಸ್ತ್ರದ ಒಂದೇ ಉಪನ್ಯಾಸವನ್ನು ಒಂದಾದ ಮೇಲೊಂದರಲ್ಲಿ ಕೇಳಿದೆವು. ಮೂರಕ್ಕೂ ವ್ಯತ್ಯಾಸ ಸ್ಪಷ್ಟವಾಗಿತ್ತು. ಬೆಲೆ ಏರಿದಂತೆ ಧ್ವನಿ ತಿಳಿಯಾಗಿತ್ತು. ಅನಂತರ ಆನ್‌ಲೈನ್ ಸಭೆಯ ತಂತ್ರಾಂಶವನ್ನು ತೆರೆದು ಹೆಡ್‌ಫೋನಿನ ಮೈಕನ್ನು ಚಾಲೂ ಮಾಡಿ ಮತ್ತೆ ಕೇಳಿದೆವು. ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿದುಬಿಟ್ಟವು. ಎಂಟುನೂರಕ್ಕೂ ಮೂರು ಸಾವಿರಕ್ಕೂ ಇದ್ದ ಅಂತರ ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಕರಗಿಹೋಯಿತು. ಮೂರು ಸಾವಿರ ಕೊಟ್ಟ ಗೆಳೆಯ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಇದಕ್ಕೆ ಕಾಸಿಲ್ಲದ ಪರಿಹಾರವೊಂದಿದೆ. ಲ್ಯಾಪ್‌ಟಾಪಿನಲ್ಲಿ ಅದರದೇ ಆದ ಮೈಕು ಇದ್ದೇ ಇರುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಇನ್‌ಪುಟ್ ಎಂಬ ಕಡೆ ಹೆಡ್‌ಫೋನಿನ ಬದಲು ಲ್ಯಾಪ್‌ಟಾಪಿನ ಮೈಕನ್ನು ಆರಿಸಿ, ಔಟ್‌ಪುಟ್ ಎಂಬ ಕಡೆ ಹೆಡ್‌ಫೋನನ್ನು ಇಟ್ಟರೆ ಸಾಕು. ಸಭೆಯ ತಂತ್ರಾಂಶದ ಒಳಗೂ ಇದೇ ಆಯ್ಕೆಯನ್ನು ಮಾಡಬೇಕು. ವಿಂಡೋಸ್ ೧೦ರಲ್ಲಿ ಒಂದೇ ಹೆಡ್‌ಫೋನ್ 'ಸ್ಟೀರಿಯೊ', 'ಹ್ಯಾಂಡ್ಸ್ ಫ್ರೀ' ಎಂದು ಎರಡು ಹೆಸರಿನಲ್ಲಿ ಕಾಣಿಸುತ್ತದೆ. ಕೇಳುವುದಕ್ಕೆ ಸ್ಟೀರಿಯೊ ಎಂಬುದನ್ನೇ ಹಿಡಿಯಬೇಕು. ಆಗ ಮಾತು ಲ್ಯಾಪ್‌ಟಾಪಿನಿಂದ ಹೋಗುತ್ತದೆ, ಪೂರ್ಣ ಧ್ವನಿ ಕಿವಿಗೆ ಬರುತ್ತದೆ. ಎಲ್‌ಇ ಆಡಿಯೊ ಎಂದು ೨೦೨೦ರಲ್ಲಿ ಪ್ರಕಟವಾದ ಹೊಸ ಪದ್ಧತಿ ಈ ತೊಡಕನ್ನು ಬುಡದಲ್ಲೇ ಬಿಡಿಸುವಂಥದು. ಆದರೆ ಅದೂ ಎರಡು ಕಡೆಯಲ್ಲಿಯೂ ಇರಬೇಕು. ನಮ್ಮ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಲ್ಯಾಪ್‌ಟಾಪಿನ ಮೈಕಿಗೂ ಒಂದು ದೋಷವುಂಟು. ಅದು ಕೋಣೆಯ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಬಿಚ್ಚಾಣಿಕೆಯ ಯಂತ್ರ ತಿರುಗುತ್ತಿದ್ದರೆ ಸಂದರ್ಶನ ಮಾಡುವವರಿಗೆ ನಮ್ಮ ಮಾತಿಗಿಂತ ಯಂತ್ರದ ಮಾತೇ ಹೆಚ್ಚು ಕೇಳಿಸೀತು. ಇಂಥ ಸಮಯಕ್ಕೆ ಬಾಯ ಹತ್ತಿರ ಮೈಕು ಬರುವ ತಂತಿಯ ಹೆಡ್‌ಸೆಟ್ ಉತ್ತಮ. ಅದು ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಅದಕ್ಕೆ ವೇಷ ಬದಲಾಯಿಸುವ ಗೊಡವೆಯಿಲ್ಲ, ಬ್ಯಾಟರಿ ಮುಗಿಯುವ ಭಯವಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದೆಯೋ, ಧ್ವನಿಗೊಂದು ಮೈಕಿಗೊಂದು ಎಂದು ಎರಡಿವೆಯೋ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಅಂಗಡಿಗಳಲ್ಲಿ ಹೆಚ್ಚು ಗೊಂದಲವಾಗುವುದು ಎಎನ್‌ಸಿ, ಇಎನ್‌ಸಿ ಎಂಬ ಎರಡು ಮಾತುಗಳಲ್ಲಿ. ಒಂದೇ ಅಕ್ಷರದ ವ್ಯತ್ಯಾಸ, ಅರ್ಥದಲ್ಲಿ ಅಜಗಜಾಂತರ. ಎಎನ್‌ಸಿ ಎಂಬುದು ನಮ್ಮ ಕಿವಿಗೆ ಬರುವ ಹೊರಗಿನ ಸದ್ದನ್ನು ಕಡಮೆ ಮಾಡುವುದು. ಹೊರಗಿನ ಸದ್ದಿನ ಅಲೆಗೆ ಸರಿಯಾಗಿ ಎದುರಾದ ಅಲೆಯನ್ನು ಹುಟ್ಟಿಸಿ ಎರಡೂ ಒಂದನ್ನೊಂದು ಅಳಿಸಿಕೊಳ್ಳುವಂತೆ ಮಾಡುವುದು ಇದರ ತತ್ತ್ವ. ಜರ್ಮನಿಯ ಪಾಲ್ ಲ್ಯೂಗ್ ಎಂಬಾತನಿಗೆ ಈ ವಿಚಾರಕ್ಕಾಗಿ ೧೯೩೬ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ ೧೯೭೮ರಲ್ಲಿ ವಿಮಾನಯಾನ ಮಾಡುತ್ತಿದ್ದಾಗ ಇದನ್ನು ಹೆಡ್‌ಫೋನಿನಲ್ಲಿ ಅಳವಡಿಸುವ ಲೆಕ್ಕಾಚಾರವನ್ನು ಆರಂಭಿಸಿದರು. ೧೯೮೯ರಲ್ಲಿ ಅವರ ಸಂಸ್ಥೆ ವಿಮಾನ ಚಾಲಕರಿಗಾಗಿ ಅಂಥ ಹೆಡ್‌ಸೆಟ್ಟನ್ನು ಹೊರತಂದಿತು. ಬಸ್ಸಿನ ಇಂಜಿನ್ನು, ಫ್ಯಾನು, ಬಿಚ್ಚಾಣಿಕೆಯ ಯಂತ್ರ, ಇಂಥ ಒಂದೇ ಸಮನೆ ಬರುವ ತಗ್ಗು ಸದ್ದಿಗೆ ಇದು ಒಳ್ಳೆಯ ಮದ್ದು. ಮಾತು, ಹಾರನ್ನು, ಪಾತ್ರೆ ಬಿದ್ದ ಸದ್ದುಗಳ ಮೇಲೆ ಇದರ ಆಟ ಅಷ್ಟಾಗಿ ನಡೆಯದು. ಇಎನ್‌ಸಿ ಎಂಬುದಾದರೋ ನಾವು ಮಾತನಾಡುವಾಗ ಸುತ್ತಲಿನ ಸದ್ದು ಆ ಕಡೆಯವರಿಗೆ ಹೋಗದಂತೆ ಮೈಕಿನಲ್ಲಿ ಮಾಡುವ ಉಪಾಯ. ಅದರಿಂದ ನಮ್ಮ ಕಿವಿಗೆ ಏನೂ ಲಾಭವಿಲ್ಲ. ಪೆಟ್ಟಿಗೆಯ ಮೇಲೆ ಇಎನ್‌ಸಿ ಎಂದಿದ್ದದ್ದನ್ನು ಕಂಡು ಬಸ್ಸಿನ ಸದ್ದು ನಿಲ್ಲುತ್ತದೆಂದು ನಂಬಬಾರದು.

ಕಡಮೆ ಬೆಲೆಯಲ್ಲಿ ಎಎನ್‌ಸಿಗಿಂತ ಹೆಚ್ಚು ಉಪಯೋಗವಾಗುವುದು ಕಿವಿಯನ್ನು ಸರಿಯಾಗಿ ಮುಚ್ಚುವ ಆಕಾರ. ಕಿವಿಯ ಸುತ್ತ ಕೂರುವ ದೊಡ್ಡ ಮೆತ್ತೆಗಳು ಓದುವ ಮೇಜಿಗೆ ಒಳ್ಳೆಯವು. ಬೇಸಗೆಯಲ್ಲಿ ಬೆವರು, ಕನ್ನಡಕ ಇರುವವರಿಗೆ ಕಡ್ಡಿಯ ಒತ್ತಡ, ಒಂದೆರಡು ವರ್ಷದಲ್ಲಿ ಸಿಪ್ಪೆ ಏಳುವ ಕೃತಕ ಚರ್ಮ, ಇವು ಅದರ ಕುಂದುಗಳು. ಕಿವಿಯ ಮೇಲೆ ಒತ್ತಿ ಕೂರುವವು ಹಗುರ. ಆದರೆ ಸದ್ದನ್ನು ಅಷ್ಟಾಗಿ ತಡೆಯವು, ಗಂಟೆ ಕಳೆದರೆ ಕಿವಿ ನೋಯುತ್ತದೆ. ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್ ಅಗ್ಗ. ಕಳೆದುಹೋಗುವುದಿಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಬಸ್ಸು ರೈಲುಗಳಲ್ಲಿ ಓಡಾಡುವವರಿಗೆ ಇದು ತಕ್ಕದ್ದು. ಬಿಡಿಬಿಡಿಯಾದ ಚಿಕ್ಕ ಮೊಗ್ಗುಗಳು ನೋಡಲು ಚೆಂದ. ಅವುಗಳಲ್ಲಿ ಒಂದು ಬಸ್ಸಿನ ಸೀಟಿನ ಸಂದಿಗೆ ಬಿದ್ದರೆ ಉಳಿದೊಂದು ಒಂಟೆತ್ತಿನ ಗಾಡಿ.

ಪೆಟ್ಟಿಗೆಯ ಮೇಲಿನ ಹೊಗಳಿಕೆಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಓದಬೇಕು? '೨೦ರಿಂದ ೨೦,೦೦೦ ಹರ್ಟ್ಸ್' ಎಂಬುದು ಹೆಚ್ಚುಕಡಿಮೆ ಎಲ್ಲ ಪೆಟ್ಟಿಗೆಗಳ ಮೇಲೂ ಇರುವುದರಿಂದ ಅದರಿಂದ ಆಯ್ಕೆಗೆ ಏನೂ ನೆರವಿಲ್ಲ. 'ಬೇಸ್' ಹೆಚ್ಚೆಂಬ ಜಾಹೀರಾತು ಸಿನಿಮಾ ಹಾಡಿಗೆ ಸರಿ. ಉಪನ್ಯಾಸಕ್ಕೆ ಅದು ವಿಘ್ನವೇ. ಮಾತಿನ ಸ್ಪಷ್ಟತೆ ಬಹುಪಾಲು ೧,೦೦೦ದಿಂದ ೪,೦೦೦ ಹರ್ಟ್ಸಿನ ನಡುವೆ ಇರುತ್ತದೆ. ಕೆಳಗಿನ ಗುಡುಗು ಹೆಚ್ಚಾದರೆ ಮೇಲಿನ ಮಾತು ಮುಚ್ಚಿಹೋಗುತ್ತದೆ. ಆದುದರಿಂದ ಹಾಡನ್ನು ಹಾಕಿ ಪರೀಕ್ಷಿಸದೆ, ಮಾತಿರುವ ಧ್ವನಿಯನ್ನು ಹಾಕಿಸಿ ಕೇಳಬೇಕು.

ಓದಬೇಕಾದವು ಬೇರೆ. ಮೊದಲನೆಯದು, ತಂತಿ ಸಿಕ್ಕಿಸುವ ತೂತು ಇದೆಯೇ ಎಂಬುದು. ಅದಿದ್ದರೆ ಬ್ಯಾಟರಿ ಮುಗಿದರೂ ಹೆಚ್ಚಿನ ಹೆಡ್‌ಫೋನುಗಳು ಸಾಧಾರಣ ತಂತಿಯ ಹೆಡ್‌ಫೋನಿನಂತೆ ಕೆಲಸ ಮಾಡುತ್ತವೆ. ಎರಡನೆಯದು, ಬ್ಯಾಟರಿಯ ಗಂಟೆ. ಮೂವತ್ತು ಗಂಟೆಯ ಬ್ಯಾಟರಿ ದಿನಕ್ಕೆರಡು ಗಂಟೆಯಂತೆ ಹದಿನೈದು ದಿನ ಬರುತ್ತದೆ. ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ ಇದು ಸಣ್ಣ ಗುಣವಲ್ಲ. ಮೂರನೆಯದು, ಮೊಬೈಲಿಗೂ ಲ್ಯಾಪ್‌ಟಾಪಿಗೂ ಏಕಕಾಲದಲ್ಲಿ ಸೇರುವ ಮಲ್ಟಿಪಾಯಿಂಟ್ ಸೌಲಭ್ಯ. ಪಾಠ ಕೇಳುತ್ತಿರುವಾಗ ಮನೆಯಿಂದ ಕರೆ ಬಂದರೆ ಅದೂ ಕೇಳಿಸುತ್ತದೆ. ನಾಲ್ಕನೆಯದು ಧ್ವನಿ ತಡವಾಗಿ ಬರುವ ದೋಷ. ಬ್ಲೂಟೂತಿನಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ ತಡವಾಗುವುದು ಸಾಮಾನ್ಯ. ಉಪನ್ಯಾಸಕ್ಕೆ ಇದು ಬಾಧಕವಲ್ಲ. ಆಟ ಆಡುವವರಿಗೂ ವಿಡಿಯೊ ಸಂಕಲನ ಮಾಡುವವರಿಗೂ ಬಾಧಕ.

ಧ್ವನಿ ತುಂಡು ತುಂಡಾಗಿ ಬಂದರೆ ಕೂಡಲೇ ಹೆಡ್‌ಫೋನನ್ನು ದೂರಬಾರದು. ಮೊಬೈಲಿನ ಹಾಟ್‌ಸ್ಪಾಟಿನಿಂದ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೊಡುವವರು ನಮ್ಮಲ್ಲಿ ಬಹಳ. ಆ ಹಾಟ್‌ಸ್ಪಾಟೂ ೨.೪ ಗಿಗಾಹರ್ಟ್ಸಿನಲ್ಲಿದ್ದರೆ ಬ್ಲೂಟೂತಿನೊಡನೆ ಒಂದೇ ಓಣಿಯಲ್ಲಿ ತಳ್ಳಾಟವಾಗುತ್ತದೆ. ಮೊಬೈಲಿನಲ್ಲಿ ಅವಕಾಶವಿದ್ದರೆ ೫ ಗಿಗಾಹರ್ಟ್ಸಿಗೆ ಬದಲಾಯಿಸಬೇಕು. ಬ್ಲೂಟೂತ್ ಇಲ್ಲದ ಹಳೆಯ ಲ್ಯಾಪ್‌ಟಾಪಿಗೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಡಾಂಗಲ್ ಹಾಕಬಹುದು. ಅದರ ಪಕ್ಕದ ತೂತಿನಲ್ಲಿಯೇ ಯುಎಸ್‌ಬಿ ೩.೦ ಪೆನ್‌ಡ್ರೈವ್ ಸಿಕ್ಕಿಸಿದರೆ ಅದರಿಂದ ಹೊಮ್ಮುವ ಅಲೆಗಳು ಇದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ. ಎರಡನ್ನೂ ದೂರ ಇಟ್ಟರೆ ಕಾಸಿಲ್ಲದೆ ರಿಪೇರಿಯಾದಂತೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪೇಟೆಯಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಎದ್ದು ಕಾಣುತ್ತದೆ. ಐನೂರರಿಂದ ಸಾವಿರದ ಇನ್ನೂರಕ್ಕೆ ಏರಿದರೆ ದೊರೆಯುವ ಹೆಚ್ಚಿನ ತೃಪ್ತಿ ದೊಡ್ಡದು: ಮೆತ್ತೆ, ಬ್ಯಾಟರಿ, ಸ್ಪಷ್ಟತೆ ಮೂರೂ ಸುಧಾರಿಸುತ್ತವೆ. ಸಾವಿರದ ಇನ್ನೂರರಿಂದ ಎರಡು ಸಾವಿರಕ್ಕೆ ಏರಿದರೆ ಲಾಭ ಸ್ವಲ್ಪ. ಅದರಾಚೆಗೆ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತು ಕೇಳುವವನಿಗೆ ಸಿಗುವುದು ಅತ್ಯಲ್ಪ. ಸಾವಿರದ ಇನ್ನೂರರದು ಎರಡು ವರ್ಷ ಬಾಳಿದರೆ ತಿಂಗಳಿಗೆ ಐವತ್ತು ರೂಪಾಯಿ ಬಿದ್ದಂತೆ. ಮುನ್ನೂರರದು ಮೂರೇ ತಿಂಗಳಿಗೆ ಹಾಳಾದರೆ ತಿಂಗಳಿಗೆ ನೂರು. ಅಗ್ಗವೆಲ್ಲ ಅಗ್ಗವಲ್ಲ.

ಹೀಗಿರುವಾಗ ಯಾರು ಯಾವುದನ್ನು ಕೊಳ್ಳಬೇಕು? ಮನೆಯಲ್ಲಿ ಕುಳಿತು ಉಪನ್ಯಾಸ ಕೇಳುವುದೇ ಮುಖ್ಯವಾದವರಿಗೆ ಸಾವಿರದಿಂದ ಸಾವಿರದ ಐನೂರರೊಳಗಿನ, ಕಿವಿಯ ಸುತ್ತ ಕೂರುವ, ತಂತಿಯ ತೂತೂ ಇರುವ ಹೆಡ್‌ಫೋನ್ ಸಾಕು. ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಎರಡು ಗಂಟೆ ಕಳೆಯುವವರಿಗೆ ರಬ್ಬರು ಮೂತಿಯ ನೆಕ್‌ಬ್ಯಾಂಡ್. ಹಣವಿದ್ದರೆ ಎಎನ್‌ಸಿ ಇರುವುದು. ಸಂದರ್ಶನಗಳನ್ನು ಎದುರಿಸಬೇಕಾದ ಅಂತಿಮ ವರ್ಷದವರಿಗೆ ನನ್ನ ಸಲಹೆ ಬೇರೆ. ಎಲ್ಲ ಹಣವನ್ನೂ ಒಂದೇ ನಿಸ್ತಂತುವಿಗೆ ಸುರಿಯದೆ, ಕೇಳುವುದಕ್ಕೊಂದು ಸಾಧಾರಣ ನಿಸ್ತಂತು, ಮಾತನಾಡುವುದಕ್ಕೊಂದು ತಂತಿಯ ಹೆಡ್‌ಸೆಟ್ ಇಟ್ಟುಕೊಳ್ಳುವುದು ಲೇಸು. ಇನ್ನು ಕೈಯಲ್ಲಿ ಐನೂರೇ ಇದ್ದರೆ ನಿಸ್ತಂತುವಿನ ಆಸೆಯನ್ನು ಈ ವರ್ಷಕ್ಕೆ ಬಿಟ್ಟು ಒಳ್ಳೆಯ ತಂತಿಯದನ್ನೇ ಕೊಳ್ಳಬೇಕು. ಅದರಿಂದ ವಿದ್ಯೆಗೆ ಯಾವ ಕೊರತೆಯೂ ಆಗದು.

ಕೊಳ್ಳುವಾಗ ನಮ್ಮ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ಜೋಡಿಸಿ ನೋಡುವುದು ಉತ್ತಮ ಕ್ರಮ. ನಮ್ಮೂರಿನ ಅಂಗಡಿಯ ಅನುಕೂಲ ಅದೇ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚು, ಆದರೆ ಹಿಂದಿರುಗಿಸಲು ಮತ್ತೆ ಹೋಗಬೇಕು. ಆನ್‌ಲೈನಿನಲ್ಲಿ ತರಿಸುವವರು ಹಿಂದಿರುಗಿಸುವ ಅವಧಿಯನ್ನು ಮೊದಲೇ ಓದಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಗರಿಷ್ಠ ಬೆಲೆ, ತಯಾರಾದ ತಿಂಗಳು, ದೇಶ, ದೂರು ಹೇಳುವ ವಿಳ್ಯ ಇವು ಇರಬೇಕು. ಅಚ್ಚಾದ ಗರಿಷ್ಠ ಬೆಲೆ ಮಾರುವ ಬೆಲೆಗಿಂತ ಹಲವು ಪಟ್ಟು ಇರುವುದು ಸಾಮಾನ್ಯವಾದ್ದರಿಂದ 'ರಿಯಾಯಿತಿ'ಯನ್ನು ಕಂಡು ಹಿಗ್ಗಬೇಕಾಗಿಲ್ಲ. ಬಿಐಎಸ್ ಗುರುತೂ ಅದರ ಜೊತೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದ್ದರೆ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನಿಜವೇ ಎಂದು ನೋಡಬಹುದು. ಜಿಎಸ್‌ಟಿ ಇರುವ ರಸೀದಿಯನ್ನು ಕೇಳಿ ಪಡೆಯಬೇಕು. ಗ್ಯಾರಂಟಿಗೆ ಅದೇ ಆಧಾರ. ತಕರಾರು ಬಂದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸಾವಿರ ರೂಪಾಯಿಯ ವಸ್ತುವಿಗೂ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಕೊನೆಯದಾಗಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತುವಿನ ಮಾತು. ಅದು ನಮ್ಮ ಕಿವಿ. ೧೨ರಿಂದ ೩೫ ವರ್ಷದ ನೂರು ಕೋಟಿಗೂ ಹೆಚ್ಚು ಮಂದಿ ಜೋರು ಸದ್ದನ್ನು ಕೇಳುವ ಅಭ್ಯಾಸದಿಂದ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಎಚ್ಚರಿಸಿತು. ಆ ಸಂಸ್ಥೆಯ ಲೆಕ್ಕದಲ್ಲಿ ೮೦ ಡೆಸಿಬೆಲ್ ಧ್ವನಿಯನ್ನು ವಾರಕ್ಕೆ ೪೦ ಗಂಟೆ ಕೇಳಬಹುದು. ೯೦ ಆದರೆ ವಾರಕ್ಕೆ ನಾಲ್ಕೇ ಗಂಟೆ. ೧೦೦ ಆದರೆ ಇಪ್ಪತ್ತು ನಿಮಿಷ. ಹತ್ತು ಡೆಸಿಬೆಲ್ ಏರಿದರೆ ಕಾಲ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದನ್ನು ಗಮನಿಸಬೇಕು. ಯಂತ್ರದ ಸದ್ದಿನ ನಡುವೆ ಓದುವ ನಾವು ಆ ಸದ್ದನ್ನು ಮೀರಿಸಲೆಂದು ಧ್ವನಿಯನ್ನು ಏರಿಸುತ್ತೇವೆ. ಹೊರಗಿನ ಸದ್ದನ್ನು ತಡೆಯುವ ಮೆತ್ತೆಗೆ ಹಣ ಕೊಡಿ ಎಂದು ನಾನು ಹೇಳಿದ್ದರ ನಿಜವಾದ ಕಾರಣ ಇದೇ. ಲ್ಯಾಪ್‌ಟಾಪಿನ ಧ್ವನಿಯನ್ನು ನೂರಕ್ಕೆ ಅರುವತ್ತರ ಒಳಗಿಟ್ಟು, ಗಂಟೆಗೊಮ್ಮೆ ಹೆಡ್‌ಫೋನನ್ನು ತೆಗೆದಿಟ್ಟು ಹತ್ತು ನಿಮಿಷ ಕಿವಿಗೆ ವಿಶ್ರಾಂತಿ ಕೊಡಬೇಕು. ರಸ್ತೆ ದಾಟುವಾಗ, ರೈಲು ಹಳಿಯ ಬಳಿ, ಅದು ಕಿವಿಯ ಮೇಲೆ ಇರಲೇಬಾರದು.

ಹೆಡ್‌ಫೋನ್ ಹಾಳಾದರೆ ಮತ್ತೊಂದನ್ನು ಕೂಡಿಟ್ಟು ಕೊಂಡೇವು. ಹೋದ ಕಿವಿಯನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು. ಮನೆಯವರು ಬೆವರು ಸುರಿಸಿ ತಂದ ಹಣ, ಅವರು ಕೊಟ್ಟ ಕಿವಿ, ಎರಡೂ ನಮ್ಮ ಕೈಯಲ್ಲಿರುವ ಅಡವುಗಳು. ಹೆಸರನ್ನೂ ಹೊಳಪನ್ನೂ ನೋಡದೆ, ನಮ್ಮ ಲ್ಯಾಪ್‌ಟಾಪಿಗೂ ನಮ್ಮ ಕೆಲಸಕ್ಕೂ ತಕ್ಕದ್ದನ್ನು ಆರಿಸಿಕೊಂಡರೆ ಎರಡಕ್ಕೂ ನ್ಯಾಯ ಸಲ್ಲಿಸಿದಂತಾಗುತ್ತದೆ. ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲ ಅಧ್ಯಾಪಕರೂ ಸಹಪಾಠಿಗಳೂ ಇದ್ದಾರೆ. ಅವರು ಇದಕ್ಕೆ ತಮ್ಮ ಅನುಭವವನ್ನು ಸೇರಿಸಿ ಕಿರಿಯರಿಗೆ ತಿಳಿಸಿದರೆ, ಮುಂದಿನ ಸಾಲಿನಲ್ಲಿ ಅಂಗಡಿಯ ಮೆಟ್ಟಿಲು ಹತ್ತುವ ಒಬ್ಬಿಬ್ಬರ ಹಣವಾದರೂ ಉಳಿದೀತು.